ಅಕ್ಷರಕ್ಕೆ ಬೆರಳ ದಾರಿ: ಮರಿಯಾ ಮಾಂಟೆಸರಿ ಅವರ ಬದುಕು

ಒಂದನೆಯ ತರಗತಿಯಲ್ಲಿ ಬೋಧನಾಭ್ಯಾಸಕ್ಕೆ ನಿಲ್ಲುವ ಪ್ರಶಿಕ್ಷಣಾರ್ಥಿಗೆ ಮೊದಲ ವಾರದಲ್ಲೇ ಎದುರಾಗುವ ಮಗು ಒಂದಿದೆ. ಅದು ವರ್ಣಮಾಲೆಯನ್ನು ಮೊದಲಿನಿಂದ ಕೊನೆಯವರೆಗೆ ರಾಗವಾಗಿ ಒಪ್ಪಿಸುತ್ತದೆ. ನಡುವಿನ ಒಂದು ಅಕ್ಷರವನ್ನು ಒಂಟಿಯಾಗಿ ಬರೆದು ತೋರಿಸಿದರೆ ಮಾತ್ರ ಸುಮ್ಮನಾಗುತ್ತದೆ. ಪ ತೋರಿಸಿದರೆ ಷ ಎನ್ನುತ್ತದೆ, ದ ತೋರಿಸಿದರೆ ಧ ಎನ್ನುತ್ತದೆ. ಎರಡು ತಿಂಗಳು ಹೀಗೇ ನಡೆದರೆ ತರಗತಿಯಲ್ಲಿ ಆ ಮಗುವಿಗೆ ದಡ್ಡ ಎಂಬ ಹೆಸರು ಅಂಟಿಕೊಳ್ಳುತ್ತದೆ. ಆಮೇಲೆ ಅಕ್ಷರ ಬಂದರೂ ಆ ಹೆಸರು ಬೇಗ ಬಿಡುವುದಿಲ್ಲ.

ಇಂಥ ಮಗುವಿಗೆ ಅಕ್ಷರ ಯಾಕೆ ಹತ್ತುವುದಿಲ್ಲ ಎಂಬ ಪ್ರಶ್ನೆಯನ್ನು ನೂರು ವರ್ಷಗಳಿಗೂ ಹಿಂದೆ ಒಬ್ಬ ವೈದ್ಯೆ ಕೈಗೆತ್ತಿಕೊಂಡರು. ಕೊರತೆ ಮಗುವಿನದಲ್ಲ, ನಾವು ಅಕ್ಷರವನ್ನು ಕಣ್ಣಿಗೆ ಮತ್ತು ಕಿವಿಗೆ ಮಾತ್ರ ಕೊಟ್ಟು ಕೈಯನ್ನು ಸುಮ್ಮನೆ ಕೂರಿಸಿದ್ದೇವೆ ಎಂಬುದು ಅವರು ಕಂಡುಕೊಂಡ ಉತ್ತರ. ಅವರೇ ಮರಿಯಾ ಮಾಂಟೆಸರಿ. ಅವರ ಹೆಸರನ್ನು ಇಂದು ಪಟ್ಟಣಗಳ ಖಾಸಗಿ ಶಾಲೆಗಳ ಫಲಕಗಳ ಮೇಲೆ ಕಾಣುತ್ತೇವೆ. ಆದರೆ ಅವರ ಅಕ್ಷರದಾಟಗಳು ಹುಟ್ಟಿದ್ದು ಹಣವುಳ್ಳವರ ಶಾಲೆಯಲ್ಲಲ್ಲ, ಕೂಲಿಕಾರರ ವಠಾರದಲ್ಲಿ. ನಂದಗುಡಿ ಹೋಬಳಿಯ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಲು ಹೊರಟಿರುವ ನಮಗೆ ಅವರ ಬದುಕು ತಿಳಿದಿರಬೇಕಾದದ್ದು ಈ ಕಾರಣಕ್ಕೆ.

ಹುಟ್ಟು ಮತ್ತು ಓದು

ಮರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಪೂರ್ವ ಕರಾವಳಿಯ ಅಂಕೋನಾ ನಗರಕ್ಕೆ ಹತ್ತಿರದ ಕಿಯರವಾಲೆ ಎಂಬ ಊರಿನಲ್ಲಿ. ತಂದೆ ಅಲೆಸ್ಸಾಂದ್ರೊ ಸರ್ಕಾರಿ ಅಧಿಕಾರಿ, ಹಳೆಯ ಕಟ್ಟುಪಾಡಿನ ಮನುಷ್ಯ. ತಾಯಿ ರೆನಿಲ್ದೆ ಓದಿನಲ್ಲಿ ಆಸಕ್ತಿ ಇದ್ದವರು. ಮಗಳು ಐದು ವರ್ಷದವಳಿರುವಾಗ ಕುಟುಂಬ ರೋಮ್ ನಗರಕ್ಕೆ ಬಂದು ನೆಲೆಸಿತು.

ಆ ಕಾಲದಲ್ಲಿ ಓದಿದ ಹೆಣ್ಣುಮಕ್ಕಳಿಗೆ ತೆರೆದಿದ್ದ ಕೆಲಸವೆಂದರೆ ಉಪಾಧ್ಯಾಯಿನಿಯದು. ಮರಿಯಾಗೆ ಅದು ಬೇಡವಾಗಿತ್ತು. ಗಣಿತದಲ್ಲಿ ಮುಂದಿದ್ದ ಅವರು ತಾಂತ್ರಿಕ ಶಾಲೆ ಸೇರಿ ಎಂಜಿನಿಯರ್ ಆಗಬೇಕೆಂದುಕೊಂಡರು. ಆಮೇಲೆ ಮನಸ್ಸು ವೈದ್ಯಶಾಸ್ತ್ರದ ಕಡೆ ತಿರುಗಿತು. ತಂದೆಗೆ ಇಷ್ಟವಿರಲಿಲ್ಲ, ತಾಯಿ ಬೆಂಬಲಕ್ಕೆ ನಿಂತರು. ರೋಮ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದಲ್ಲಿ ಗಂಡಸರ ನಡುವೆ ಕುಳಿತು ಓದುವುದೇ ಒಂದು ಪರೀಕ್ಷೆಯಾಗಿತ್ತು. ಶವಛೇದನದ ಪಾಠದಲ್ಲಿ ಗಂಡಸರ ಜೊತೆ ಹೆಣ್ಣು ನಿಲ್ಲುವುದು ಸರಿಯಲ್ಲವೆಂದು, ಎಲ್ಲರೂ ಹೋದ ಮೇಲೆ ಅವರು ಒಬ್ಬರೇ ಆ ಕೋಣೆಯಲ್ಲಿ ಕೆಲಸ ಮಾಡಬೇಕಾಗಿತ್ತು. ಇದೆಲ್ಲವನ್ನೂ ದಾಟಿ 1896ರಲ್ಲಿ ವೈದ್ಯ ಪದವಿ ಪಡೆದರು. ಇಟಲಿಯ ಮೊದಲ ಕೆಲವೇ ಮಹಿಳಾ ವೈದ್ಯರಲ್ಲಿ ಅವರೂ ಒಬ್ಬರು.

ಉಪಾಧ್ಯಾಯಿನಿ ಆಗಲಾರೆ ಎಂದು ಹೊರಟವರು ಕೊನೆಗೆ ಲೋಕದ ಉಪಾಧ್ಯಾಯರಿಗೇ ಪಾಠ ಹೇಳುವಂತಾಯಿತು. ಅವರನ್ನು ಆ ದಾರಿಗೆ ತಂದದ್ದು ಒಂದು ಆಸ್ಪತ್ರೆ.

ಆಸ್ಪತ್ರೆಯ ಮಕ್ಕಳು

ಪದವಿಯ ನಂತರ ಮರಿಯಾ ರೋಮ್ ವಿಶ್ವವಿದ್ಯಾಲಯದ ಮನೋರೋಗ ಚಿಕಿತ್ಸಾಲಯದಲ್ಲಿ ಸಹಾಯಕ ವೈದ್ಯೆಯಾದರು. ಆಗ ಬುದ್ಧಿಮಾಂದ್ಯರೆಂದು ಕರೆಸಿಕೊಂಡ ಮಕ್ಕಳನ್ನು ಮನೋರೋಗಿಗಳ ಜೊತೆಯಲ್ಲೇ ಆಸ್ಪತ್ರೆಯ ಬರಿಗೋಡೆಗಳ ಕೋಣೆಗಳಲ್ಲಿ ಕೂಡಿಹಾಕುತ್ತಿದ್ದರು. ಊಟ ಮುಗಿದ ಮೇಲೆ ಆ ಮಕ್ಕಳು ನೆಲದ ಮೇಲೆ ಬಿದ್ದ ರೊಟ್ಟಿಯ ಚೂರುಗಳಿಗಾಗಿ ಮುಗಿಬೀಳುವುದನ್ನು ನೋಡಿಕೊಳ್ಳುವ ಹೆಂಗಸು ಅಸಹ್ಯದಿಂದ ಹೇಳುತ್ತಿದ್ದಳು. ಮರಿಯಾಗೆ ಕಂಡದ್ದು ಬೇರೆ. ಆ ಕೋಣೆಯಲ್ಲಿ ಮಕ್ಕಳ ಕೈಗೆ ಸಿಗುವ ವಸ್ತು ಒಂದೂ ಇರಲಿಲ್ಲ. ರೊಟ್ಟಿಯ ಚೂರೇ ಅವರ ಆಟದ ಸಾಮಾನು. ಅವರ ಹಸಿವು ಹೊಟ್ಟೆಯದಲ್ಲ, ಕೈಯದು.

ಈ ಯೋಚನೆ ಹಿಡಿದು ಅವರು ಹಳೆಯ ಪುಸ್ತಕಗಳನ್ನು ಹುಡುಕಿದರು. ಫ್ರಾನ್ಸಿನ ವೈದ್ಯರಾದ ಇತಾರ್ ಮತ್ತು ಅವರ ಶಿಷ್ಯ ಸೆಗೆನ್ ಇಬ್ಬರೂ ಕಿವುಡು, ಮಾಂದ್ಯ ಇತ್ಯಾದಿ ತೊಂದರೆ ಇದ್ದ ಮಕ್ಕಳಿಗೆ ಇಂದ್ರಿಯಗಳ ಮೂಲಕ ಕಲಿಸಲು ಯತ್ನಿಸಿದ್ದವರು. ಅವರ ಬರಹಗಳನ್ನು ಮರಿಯಾ ಇಟಲಿ ಭಾಷೆಗೆ ಕೈಬರಹದಲ್ಲೇ ಅನುವಾದಿಸಿಕೊಂಡು ಓದಿದರು. 1900ರಲ್ಲಿ ಇಂಥ ಮಕ್ಕಳಿಗಾಗಿ ಮತ್ತು ಅವರ ಶಿಕ್ಷಕರ ತರಬೇತಿಗಾಗಿ ರೋಮ್‌ನಲ್ಲಿ ಒಂದು ಶಾಲೆ ಆರಂಭವಾದಾಗ, ಡಾ. ಜುಸೆಪ್ಪೆ ಮೊಂತೆಸಾನೊ ಅವರ ಜೊತೆ ಅದರ ಹೊಣೆ ಹೊತ್ತರು.

ಅಲ್ಲಿ ನಡೆದ ಒಂದು ಸಣ್ಣ ಘಟನೆ ಮುಂದಿನ ಎಲ್ಲ ಅಕ್ಷರದಾಟಗಳ ಬೇರು. ಹನ್ನೊಂದು ವರ್ಷದ ಒಬ್ಬ ಹುಡುಗಿಗೆ ಹೊಲಿಗೆ ಎಷ್ಟು ಹೇಳಿಕೊಟ್ಟರೂ ಬರಲಿಲ್ಲ. ಸೂಜಿಯನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾಯಿಸುವುದೇ ಆಕೆಗೆ ಅರ್ಥವಾಗುತ್ತಿರಲಿಲ್ಲ. ಮರಿಯಾ ಹೊಲಿಗೆಯನ್ನು ಬದಿಗಿಟ್ಟು ಕಾಗದದ ಪಟ್ಟಿಗಳಿಂದ ಚಾಪೆಯಂತೆ ಹೆಣೆಯುವ ಕೆಲಸ ಕೊಟ್ಟರು. ಹುಡುಗಿ ಅದರಲ್ಲಿ ಮುಳುಗಿದಳು. ಅದು ಚೆನ್ನಾಗಿ ಬಂದ ಮೇಲೆ ಮತ್ತೆ ಸೂಜಿ ಕೊಟ್ಟರೆ ಆಕೆ ಸಲೀಸಾಗಿ ಹೊಲಿದಳು. ಹೊಲಿಗೆಗೆ ಬೇಕಾದ ಚಲನೆಯನ್ನು ಆಕೆಯ ಕೈ ಹೊಲಿಯದೆಯೇ ಕಲಿತಿತ್ತು.

ಇದರಿಂದ ಮರಿಯಾ ಒಂದು ನಿಯಮ ಮಾಡಿಕೊಂಡರು. ಯಾವುದೇ ಕೆಲಸವನ್ನು ಮಾಡಿಸುವ ಮೊದಲು ಆ ಕೆಲಸದ ಚಲನೆಗಳನ್ನು ಕೈಗೆ ಬೇರೆ ರೀತಿಯಲ್ಲಿ ಅಭ್ಯಾಸ ಮಾಡಿಸಬೇಕು. ಬರೆಯುವ ಮೊದಲು ಬೆರಳು ಅಕ್ಷರದ ದಾರಿಯಲ್ಲಿ ನಡೆದಿರಬೇಕು. ಅವರು ಮರದಲ್ಲಿ ಅಕ್ಷರಗಳನ್ನು ಮಾಡಿಸಿ, ಸ್ವರಕ್ಕೊಂದು ವ್ಯಂಜನಕ್ಕೊಂದು ಬಣ್ಣ ಕೊಟ್ಟು, ಮಕ್ಕಳಿಂದ ಅವುಗಳ ಮೇಲೆ ಬೆರಳಾಡಿಸಿದರು. ಆ ಮಕ್ಕಳಲ್ಲಿ ಕೆಲವರು ಓದು ಬರಹ ಕಲಿತು, ಸಾಮಾನ್ಯ ಶಾಲೆಯ ಮಕ್ಕಳ ಜೊತೆ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ಜನ ಅದನ್ನು ಪವಾಡವೆಂದರು. ಮರಿಯಾರ ಯೋಚನೆ ಬೇರೆ ಕಡೆ ಹರಿಯಿತು: ಕೊರತೆಯಿರುವ ಮಕ್ಕಳು ಇಷ್ಟು ಕಲಿಯುವುದಾದರೆ, ಆರೋಗ್ಯವಂತ ಮಕ್ಕಳು ನಮ್ಮ ಶಾಲೆಗಳಲ್ಲಿ ಇಷ್ಟೇ ಕಲಿಯುವಂತೆ ಅವರನ್ನು ತಡೆದಿರುವುದು ಏನು?

ಇದೇ ವರ್ಷಗಳಲ್ಲಿ ಅವರ ಖಾಸಗಿ ಬದುಕಿನಲ್ಲಿ ದೊಡ್ಡ ನೋವೊಂದು ಸೇರಿಕೊಂಡಿತ್ತು. ಮೊಂತೆಸಾನೊ ಅವರಿಂದ ಮರಿಯಾಗೆ 1898ರಲ್ಲಿ ಮಾರಿಯೊ ಎಂಬ ಮಗ ಹುಟ್ಟಿದ. ಮದುವೆ ಆಗಲಿಲ್ಲ. ಅಂದಿನ ಸಮಾಜದಲ್ಲಿ ಮಗುವನ್ನು ತನ್ನದೆಂದು ಹೇಳಿಕೊಂಡರೆ ವೃತ್ತಿಯೇ ಮುಗಿಯುತ್ತಿತ್ತು. ಮಗುವನ್ನು ಹಳ್ಳಿಯ ಒಂದು ಕುಟುಂಬದಲ್ಲಿ ಬೆಳೆಯಲು ಬಿಡಬೇಕಾಯಿತು. 1901ರಲ್ಲಿ ಅವರು ಆ ಶಾಲೆಯನ್ನು ಬಿಟ್ಟು ಮತ್ತೆ ವಿದ್ಯಾರ್ಥಿನಿಯಾಗಿ ತತ್ತ್ವಶಾಸ್ತ್ರ, ಮನಶ್ಶಾಸ್ತ್ರ ಓದಲು ಕುಳಿತರು. ಹದಿಹರೆಯದಲ್ಲಿ ಮಾರಿಯೊ ತಾಯಿಯ ಬಳಿಗೆ ಬಂದು, ಮುಂದೆ ಅವರ ಎಲ್ಲ ಕೆಲಸದ ಬಲಗೈಯಾದರು.

ವಠಾರದ ಮಕ್ಕಳ ಮನೆ

ರೋಮ್‌ನ ಸಾನ್ ಲೊರೆಂಜೊ ಬಡವರ ಬಡಾವಣೆ. ಅಲ್ಲಿನ ಹಳೆಯ ವಠಾರಗಳನ್ನು ಒಂದು ಗೃಹ ನಿರ್ಮಾಣ ಸಂಸ್ಥೆ ದುರಸ್ತಿ ಮಾಡಿ ಕೂಲಿಕಾರ ಕುಟುಂಬಗಳಿಗೆ ಬಾಡಿಗೆಗೆ ಕೊಟ್ಟಿತ್ತು. ತಂದೆ ತಾಯಿ ಕೆಲಸಕ್ಕೆ ಹೋದ ಮೇಲೆ ಇನ್ನೂ ಶಾಲೆಗೆ ಸೇರದ ಮಕ್ಕಳು ಮೆಟ್ಟಿಲುಗಳ ಮೇಲೆ ಓಡಾಡಿ ಗೋಡೆ ಗೀಚುತ್ತಿದ್ದರು. ಗೋಡೆ ಉಳಿಯಬೇಕಾದರೆ ಮಕ್ಕಳನ್ನು ಒಂದು ಕೋಣೆಯಲ್ಲಿ ಸೇರಿಸಿ ನೋಡಿಕೊಳ್ಳಬೇಕು ಎಂದು ಸಂಸ್ಥೆಯವರು ಮರಿಯಾರನ್ನು ಕೇಳಿಕೊಂಡರು. 1907ರ ಜನವರಿ 6ರಂದು ಸುಮಾರು 50 ಮಕ್ಕಳೊಂದಿಗೆ ಮಕ್ಕಳ ಮನೆ ಆರಂಭವಾಯಿತು. ಮೂರರಿಂದ ಆರು ವರ್ಷದ, ಅಳುವ, ಹೆದರಿದ, ಸೊರಗಿದ ಮಕ್ಕಳು.

ಮರಿಯಾ ಅಲ್ಲಿ ಪಾಠ ಮಾಡುವುದಕ್ಕಿಂತ ನೋಡುವುದನ್ನು ಹೆಚ್ಚು ಮಾಡಿದರು. ವೈದ್ಯೆಯ ಅಭ್ಯಾಸ ಅದು. ಮೂರು ವರ್ಷದ ಒಂದು ಹುಡುಗಿ ಮರದ ಗುಂಡುಗಳನ್ನು ಅವುಗಳ ಗುಳಿಗಳಿಂದ ತೆಗೆದು ಮತ್ತೆ ಕೂರಿಸುತ್ತಿದ್ದಳು. ಸುತ್ತಲಿನ ಮಕ್ಕಳಿಂದ ಹಾಡಿಸಿದರು, ಆಕೆಯನ್ನು ಕುರ್ಚಿಸಮೇತ ಎತ್ತಿ ಮೇಜಿನ ಮೇಲಿಟ್ಟರು. ಹುಡುಗಿ ತಲೆ ಎತ್ತದೆ ಆ ಕೆಲಸವನ್ನು 40ಕ್ಕೂ ಹೆಚ್ಚು ಬಾರಿ ಮಾಡಿ, ನಂತರ ತಾನೇ ನಿಲ್ಲಿಸಿ ಸಂತೋಷದಿಂದ ಸುತ್ತ ನೋಡಿದಳು. ಚಿಕ್ಕ ಮಕ್ಕಳ ಗಮನ ಒಂದು ನಿಮಿಷವೂ ನಿಲ್ಲುವುದಿಲ್ಲ ಎಂಬ ಮಾತು ಅಂದು ಸುಳ್ಳಾಯಿತು. ಕೈಗೆ ತಕ್ಕ ಕೆಲಸ ಸಿಕ್ಕರೆ ಗಮನ ತಾನಾಗಿ ಬರುತ್ತದೆ ಎಂಬುದು ಅವರ ನಂಬಿಕೆಯಾಯಿತು.

ಮರಳುಕಾಗದದ ಅಕ್ಷರಗಳು

ಇಷ್ಟು ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವ ಉದ್ದೇಶ ಮರಿಯಾಗೆ ಮೊದಲಿಗೆ ಇರಲಿಲ್ಲ. ಕೇಳಿದವರು ತಾಯಂದಿರು. ಅವರಲ್ಲಿ ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲ. ಮಕ್ಕಳು ಇಷ್ಟೆಲ್ಲ ಕಲಿಯುತ್ತಿರುವಾಗ ಓದು ಬರಹವನ್ನೂ ಕಲಿಸಿ ಎಂದು ಅವರು ಬೇಡಿಕೊಂಡರು.

ಮರದ ಅಕ್ಷರಗಳನ್ನು ಮತ್ತೆ ಮಾಡಿಸಲು ಹಣವಿರಲಿಲ್ಲ, ಮಾಡಿಕೊಡುವವರೂ ಸಿಗಲಿಲ್ಲ. ಕೊನೆಗೆ ಮರಿಯಾ ಮತ್ತು ಶಿಕ್ಷಕಿಯರು ತಾವೇ ಕತ್ತರಿ ಹಿಡಿದು ಕುಳಿತರು. ರಟ್ಟಿನಲ್ಲಿ ಬಿಡಿ ಅಕ್ಷರಗಳನ್ನು ಕತ್ತರಿಸಿದರು. ಬಡಗಿಗಳು ಮರ ಉಜ್ಜುವ ಮರಳುಕಾಗದದಲ್ಲಿ ಅಕ್ಷರ ಕತ್ತರಿಸಿ ನುಣುಪಾದ ರಟ್ಟಿನ ಮೇಲೆ ಅಂಟಿಸಿದರು. ಬಡತನದಿಂದ ಹುಟ್ಟಿದ ಈ ಉಪಕರಣ ಮರದ ಅಕ್ಷರಕ್ಕಿಂತ ಒಳ್ಳೆಯದೆಂದು ಬೇಗನೆ ತಿಳಿಯಿತು. ಬೆರಳು ಅಕ್ಷರದ ಮೇಲಿರುವವರೆಗೆ ತರಿತರಿ, ದಾರಿ ತಪ್ಪಿದ ಕೂಡಲೇ ನುಣುಪು. ತಪ್ಪಿದೆ ಎಂದು ಶಿಕ್ಷಕಿ ಹೇಳಬೇಕಾಗಿಲ್ಲ, ರಟ್ಟೇ ಹೇಳುತ್ತದೆ. ಮಗು ಬೈಸಿಕೊಳ್ಳದೆ ತಿದ್ದಿಕೊಳ್ಳುತ್ತದೆ. ಅಕ್ಷರವನ್ನು ಬರೆಯುವ ದಿಕ್ಕಿನಲ್ಲೇ ಬೆರಳು ಎಳೆಯುತ್ತ, ಅದರ ಧ್ವನಿಯನ್ನು ಬಾಯಲ್ಲಿ ಹೇಳುತ್ತ, ಕಣ್ಣಿನಲ್ಲಿ ನೋಡುತ್ತ ಮಗು ಒಂದೇ ಅಕ್ಷರವನ್ನು ಮೂರು ಬಾಗಿಲುಗಳಿಂದ ಒಳಗೆ ತೆಗೆದುಕೊಳ್ಳುತ್ತಿತ್ತು. ಆಮೇಲೆ ಕಣ್ಣು ಮುಚ್ಚಿಕೊಂಡು ಬೆರಳಿನಿಂದಲೇ ಅಕ್ಷರ ಹೇಳುವುದು ಮಕ್ಕಳಿಗೆ ಇಷ್ಟದ ಆಟವಾಯಿತು.

ನಮಗೆ ಇದು ಪೂರ್ತಿ ಹೊಸದಲ್ಲ. ನಮ್ಮ ಕೂಲಿಮಠಗಳಲ್ಲಿ ಐಗಳು ನೆಲದ ಮೇಲೆ ಮರಳು ಹರಡಿಸಿ ಬೆರಳಿನಲ್ಲಿ ಅಕ್ಷರ ತಿದ್ದಿಸುತ್ತಿದ್ದರು. ಅಕ್ಷರಾಭ್ಯಾಸದ ದಿನ ತಟ್ಟೆಯ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಬರೆಸುವ ಪದ್ಧತಿ ಇಂದಿಗೂ ಇದೆ. ಬೆರಳೇ ಮೊದಲ ಬಳಪ ಎಂಬ ಅರಿವು ನಮ್ಮ ಹಿರಿಯರಿಗೂ ಇತ್ತು. ಆದರೆ ಅಲ್ಲಿ ಬೆತ್ತದ ಭಯ ಇತ್ತು, ಎಲ್ಲರಿಗೂ ಒಂದೇ ಓಟ ಇತ್ತು, ಮರಳಿನ ಮೇಲಿನ ಅಕ್ಷರ ತಿದ್ದಿದಂತೆಲ್ಲ ಕೆಡುತ್ತಿತ್ತು. ಮರಿಯಾ ಉಳಿಸಿಕೊಂಡದ್ದು ಬೆರಳನ್ನು, ತೆಗೆದುಹಾಕಿದ್ದು ಭಯವನ್ನು.

ಮೂರು ಹೆಜ್ಜೆಯ ಪಾಠ

ಅಕ್ಷರದ ಹೆಸರು ಕಲಿಸಲು ಮರಿಯಾ ಸೆಗೆನ್ ಅವರಿಂದ ಪಡೆದ ಮೂರು ಹೆಜ್ಜೆಗಳನ್ನು ಬಳಸಿದರು. ಒಮ್ಮೆಗೆ ಎರಡು ಅಥವಾ ಮೂರೇ ಅಕ್ಷರ. ಮೊದಲ ಹೆಜ್ಜೆಯಲ್ಲಿ ಶಿಕ್ಷಕಿ ಅಕ್ಷರದ ಮೇಲೆ ಬೆರಳಾಡಿಸಿ ಅದರ ಧ್ವನಿಯನ್ನಷ್ಟೇ ಹೇಳುತ್ತಾರೆ, ಮಗುವಿನಿಂದಲೂ ಹಾಗೇ ಮಾಡಿಸುತ್ತಾರೆ. ಎರಡನೆಯ ಹೆಜ್ಜೆಯಲ್ಲಿ ಧ್ವನಿ ಶಿಕ್ಷಕಿಯದು, ಹುಡುಕುವುದು ಮಗುವಿನದು: ಆ ಅಕ್ಷರ ಕೊಡು, ಈ ಅಕ್ಷರವನ್ನು ಕಿಟಕಿಯ ಬಳಿ ಇಟ್ಟು ಬಾ. ಮೂರನೆಯ ಹೆಜ್ಜೆಯಲ್ಲಿ ಮಾತ್ರ ಅಕ್ಷರ ತೋರಿಸಿ ಇದು ಯಾವುದೆಂದು ಕೇಳುವುದು.

ನಮ್ಮ ಪಾಠ ವೀಕ್ಷಣೆಗಳಲ್ಲಿ ಹೆಚ್ಚು ಕಾಣುವ ದೋಷ ಇಲ್ಲೇ ಇದೆ. ಮೊದಲ ಹೆಜ್ಜೆಯಿಂದ ನೇರವಾಗಿ ಮೂರನೆಯದಕ್ಕೆ ಹಾರುತ್ತಾರೆ. ಕಪ್ಪುಹಲಗೆಯ ಮೇಲೆ ಅಕ್ಷರ ಬರೆದು, ನಾಲ್ಕು ಬಾರಿ ಹೇಳಿಸಿ, ತಕ್ಷಣ ಒಬ್ಬ ಮಗುವನ್ನು ಎಬ್ಬಿಸಿ ಕೇಳುತ್ತಾರೆ. ಎರಡನೆಯ ಹೆಜ್ಜೆಯೇ ನಿಜವಾದ ಆಟದ ಜಾಗ, ಅಲ್ಲಿ ಮಗು ಮಾತಾಡಬೇಕಿಲ್ಲ, ಓಡಾಡಿದರೆ ಸಾಕು. ಗುರುತಿಸುವುದು ಮೊದಲು, ನೆನಪಿನಿಂದ ಹೇಳುವುದು ಆಮೇಲೆ.

ಇನ್ನೊಂದು ಸೂಕ್ಷ್ಮವನ್ನೂ ಮರಿಯಾ ಒತ್ತಿ ಹೇಳುತ್ತಿದ್ದರು. ಮಗು ತಪ್ಪು ಅಕ್ಷರ ಕೊಟ್ಟರೆ ಅಲ್ಲೇ ತಿದ್ದಬಾರದು, ಮತ್ತೆ ಮತ್ತೆ ಕೇಳಬಾರದು. ಅಕ್ಷರಗಳನ್ನು ಎತ್ತಿಟ್ಟು ಇನ್ನೊಂದು ದಿನ ಮೊದಲ ಹೆಜ್ಜೆಯಿಂದ ಶುರು ಮಾಡಬೇಕು. ತಪ್ಪಾದದ್ದು ಮಗು ದಡ್ಡ ಎಂಬುದಕ್ಕೆ ಸಾಕ್ಷಿಯಲ್ಲ, ಆ ಗಳಿಗೆಯಲ್ಲಿ ಮನಸ್ಸು ಸಿದ್ಧವಿರಲಿಲ್ಲ ಎಂಬುದಕ್ಕಷ್ಟೇ ಸಾಕ್ಷಿ.

ಮಾಳಿಗೆಯ ಮೇಲೆ ಬರೆದ ಹುಡುಗ

ಬಿಡಿ ಅಕ್ಷರಗಳ ಪೆಟ್ಟಿಗೆ ಮಕ್ಕಳ ಕೈಗೆ ಸಿಕ್ಕ ಮೇಲೆ ಅವರು ಕೇಳಿದ ಪದಗಳನ್ನು ಅಕ್ಷರ ಜೋಡಿಸಿ ಕಟ್ಟತೊಡಗಿದರು. ಸೀಮೆಸುಣ್ಣದಲ್ಲಿ ಬರೆಯುವುದನ್ನು ಯಾರೂ ಕಲಿಸಿರಲಿಲ್ಲ. 1907ರ ಡಿಸೆಂಬರ್‌ನ ಒಂದು ಬಿಸಿಲಿನ ದಿನ ಮರಿಯಾ ಮಕ್ಕಳನ್ನು ಮಾಳಿಗೆಯ ಮೇಲೆ ಕರೆದೊಯ್ದಿದ್ದರು. ಅಲ್ಲಿದ್ದ ಹೊಗೆಗೂಡಿನ ಚಿತ್ರ ಬರೆಯಲು ಐದು ವರ್ಷದ ಒಬ್ಬ ಹುಡುಗನಿಗೆ ಸೀಮೆಸುಣ್ಣ ಕೊಟ್ಟರು. ಅವನು ನೆಲದ ಮೇಲೆ ಚಿತ್ರ ಬರೆದ. ಅವರು ಮೆಚ್ಚಿದಾಗ ಒಂದು ಗಳಿಗೆ ಅವರನ್ನೇ ನೋಡಿ, ತನಗೆ ಬರೆಯಲು ಬರುತ್ತದೆ ಎಂದು ಕೂಗುತ್ತ ಬಗ್ಗಿ ಕೈ ಎಂಬ ಪದ ಬರೆದ, ನಂತರ ಹೊಗೆಗೂಡು, ನಂತರ ಮಾಳಿಗೆ. ಸದ್ದು ಕೇಳಿ ಉಳಿದವರು ಓಡಿಬಂದರು. ಅವರೂ ಸೀಮೆಸುಣ್ಣ ಕೇಳಿ ಬರೆದರು. ಮುಂದಿನ ದಿನಗಳಲ್ಲಿ ಮಕ್ಕಳು ನೆಲ, ಬಾಗಿಲು, ಗೋಡೆ ಎಲ್ಲೆಂದರಲ್ಲಿ ಬರೆದರು. ಗೋಡೆ ಗೀಚುತ್ತಾರೆಂದು ದೂರು ಬಂದಿದ್ದ ಮಕ್ಕಳೇ ಅದೇ ವಠಾರದಲ್ಲಿ ಈಗ ಪದ ಬರೆಯುತ್ತಿದ್ದರು.

ಓದಿಗೆ ಮರಿಯಾ ಮಾಡಿದ ಆಟ ಇನ್ನೂ ಕುತೂಹಲದ್ದು. ಆಟಿಕೆಗಳ ಹೆಸರನ್ನು ಚೀಟಿಗಳಲ್ಲಿ ಬರೆದು ಮಡಚಿಟ್ಟರು. ಚೀಟಿ ಎತ್ತಿ ಸರಿಯಾಗಿ ಓದಿದ ಮಗುವಿಗೆ ಆ ಆಟಿಕೆ ಆಡಲು ಸಿಗುತ್ತದೆ ಎಂಬುದು ನಿಯಮ. ಬಡವರ ಮಕ್ಕಳು, ಒಳ್ಳೆಯ ಗೊಂಬೆಗಳು. ಆದರೆ ಮಕ್ಕಳು ಗೊಂಬೆ ಮುಟ್ಟಲಿಲ್ಲ. ಆಡುವುದರಲ್ಲಿ ಹೊತ್ತು ಕಳೆಯದೆ ಒಂದಾದ ಮೇಲೊಂದು ಚೀಟಿ ಓದುತ್ತ ನಿಂತರು. ಬಹುಮಾನವೆಂದು ಇಟ್ಟದ್ದು ಬೇಡವಾಗಿ, ಕೆಲಸವೆಂದು ಇಟ್ಟದ್ದೇ ಬೇಕಾಯಿತು. ಅಂದಿನಿಂದ ಬಹುಮಾನ ಮತ್ತು ಶಿಕ್ಷೆ ಎರಡನ್ನೂ ಮರಿಯಾ ತರಗತಿಯಿಂದ ದೂರವಿಡಲು ಇಂಥ ಅನುಭವಗಳೇ ಕಾರಣ.

ಹೆಸರು, ವಿರೋಧ, ಅಲೆದಾಟ

1909ರಲ್ಲಿ ಅವರ ವಿಧಾನದ ಪುಸ್ತಕ ಇಟಲಿ ಭಾಷೆಯಲ್ಲಿ ಹೊರಬಂತು, 1912ರಲ್ಲಿ ಇಂಗ್ಲಿಷಿಗೆ ಬಂತು. 1913ರಲ್ಲಿ ಅಮೆರಿಕ ಅವರನ್ನು ಸಂಭ್ರಮದಿಂದ ಸ್ವಾಗತಿಸಿತು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದಲ್ಲಿ ಗಾಜಿನ ಗೋಡೆಯ ತರಗತಿಯೊಂದನ್ನು ಕಟ್ಟಿ, ಮಕ್ಕಳು ಕೆಲಸ ಮಾಡುವುದನ್ನು ಜನ ಹೊರಗೆ ಕುಳಿತು ನೋಡುವಂತೆ ಮಾಡಿದ್ದರು. ಟೀಕೆಯೂ ಬಂತು. ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಕಿಲ್‌ಪ್ಯಾಟ್ರಿಕ್ 1914ರಲ್ಲಿ ಪುಸ್ತಕವನ್ನೇ ಬರೆದು ಈ ವಿಧಾನವನ್ನು ವಿಮರ್ಶಿಸಿದರು. ಉಪಕರಣಗಳು ಬಿಗಿಯಾಗಿವೆ, ಕಲ್ಪನೆಗೆ ಮತ್ತು ಮಕ್ಕಳ ಕೂಡುಬಾಳಿಗೆ ಜಾಗ ಕಡಿಮೆ ಎಂಬ ಆಕ್ಷೇಪ ಇಂದಿಗೂ ಕೇಳಿಬರುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ, ಹಾಡು, ಕಥೆ, ಗುಂಪಾಟಗಳನ್ನು ನಾವು ಸೇರಿಸಿಕೊಳ್ಳಲೇಬೇಕು.

ಇಟಲಿಯಲ್ಲಿ ಮುಸೊಲಿನಿ ಸರ್ಕಾರ ಮೊದಲು ಅವರ ಶಾಲೆಗಳಿಗೆ ನೆರವು ನೀಡಿತು, ಮರಿಯಾ ಅದನ್ನು ಸ್ವೀಕರಿಸಿದರು. ಶಾಲೆಗಳನ್ನು ತನ್ನ ಸಿದ್ಧಾಂತಕ್ಕೆ ಬಗ್ಗಿಸಲು ಸರ್ಕಾರ ಹೊರಟಾಗ ಸಂಬಂಧ ಮುರಿಯಿತು. 1934ರ ವೇಳೆಗೆ ಅವರು ದೇಶ ಬಿಟ್ಟರು, ಶಾಲೆಗಳು ಮುಚ್ಚಿದವು. ಜರ್ಮನಿಯಲ್ಲೂ ನಾಜಿಗಳು ಅವರ ಶಾಲೆಗಳನ್ನು ಮುಚ್ಚಿಸಿದರು. ನೆಲೆಸಿದ್ದ ಸ್ಪೇನಿನಲ್ಲಿ 1936ರಲ್ಲಿ ಅಂತರ್ಯುದ್ಧ ಎದ್ದಾಗ ಅಲ್ಲಿಂದಲೂ ಹೊರಟು ನೆದರ್ಲೆಂಡ್ಸ್ ಸೇರಿದರು.

ಭಾರತದಲ್ಲಿ

ನಮ್ಮ ದೇಶಕ್ಕೆ ಅವರಿಗಿಂತ ಮೊದಲೇ ಅವರ ವಿಚಾರ ಬಂದಿತ್ತು. ಗುಜರಾತಿನ ಭಾವನಗರದಲ್ಲಿ ವಕೀಲಿ ಬಿಟ್ಟು ಶಿಕ್ಷಕರಾದ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದು ಈ ವಿಧಾನವನ್ನು ನಮ್ಮ ಕಥೆ, ಹಾಡು, ಮಣ್ಣಿನ ಆಟಗಳ ಜೊತೆ ಬೆಸೆದಿದ್ದರು. 1931ರಲ್ಲಿ ಲಂಡನ್‌ನಲ್ಲಿ ಗಾಂಧೀಜಿ ಮರಿಯಾರನ್ನು ಭೇಟಿಯಾದಾಗ, ಇಂಥ ಶಿಕ್ಷಣ ಉಳ್ಳವರ ಮಕ್ಕಳಿಗಷ್ಟೇ ಅಲ್ಲದೆ ಕಡುಬಡವರ ಮಕ್ಕಳಿಗೂ ಸಿಗಲಿ ಎಂದು ಹಾರೈಸಿದ್ದರು.

1939ರ ಕೊನೆಯಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಮರಿಯಾ ಮಗನೊಂದಿಗೆ ಮದ್ರಾಸಿನ ಅಡ್ಯಾರಿಗೆ ಬಂದರು. ಆಗ ಅವರಿಗೆ 69 ವರ್ಷ. ದೇಶದ ಮೂಲೆಮೂಲೆಗಳಿಂದ ಸುಮಾರು 300 ಮಂದಿ ಅವರ ಮೊದಲ ತರಬೇತಿಗೆ ಸೇರಿದರು. ಅವರು ಇಟಲಿ ಭಾಷೆಯಲ್ಲಿ ಮಾತಾಡುತ್ತಿದ್ದರು, ಮಾರಿಯೊ ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ಕೆಲವೇ ತಿಂಗಳಿಗೆಂದು ಬಂದವರು ಯುದ್ಧದಿಂದಾಗಿ ಇಲ್ಲೇ ಉಳಿಯಬೇಕಾಯಿತು. 1940ರ ಜೂನ್‌ನಲ್ಲಿ ಇಟಲಿ ಬ್ರಿಟನ್ನಿನ ವಿರುದ್ಧ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರ ಮಾರಿಯೊ ಅವರನ್ನು ಅಹ್ಮದ್‌ನಗರದಲ್ಲಿ ಬಂಧನದಲ್ಲಿಟ್ಟಿತು. ಮರಿಯಾಗೆ ಅಡ್ಯಾರಿನ ಆವರಣವೇ ಎಲ್ಲೆಯಾಯಿತು. ಆ ವರ್ಷದ ಆಗಸ್ಟ್ 31ರಂದು ಅವರ 70ನೆಯ ಹುಟ್ಟುಹಬ್ಬಕ್ಕೆ ವೈಸರಾಯ್ ಅವರಿಂದ ತಂತಿ ಬಂತು. ಹುಟ್ಟುಹಬ್ಬದ ಕೊಡುಗೆಯಾಗಿ ಅವರ ಮಗನನ್ನು ಮರಳಿಸುವುದಾಗಿ ಅದರಲ್ಲಿತ್ತು. ಲೋಕದ ಮುಂದೆ ನಲವತ್ತು ವರ್ಷ ಮಗನೆಂದು ಹೇಳಿಕೊಳ್ಳಲಾಗದವನನ್ನು ಸರ್ಕಾರಿ ತಂತಿಯೊಂದು ಮಗನೆಂದೇ ಕರೆದಿತ್ತು.

ಮುಂದಿನ ವರ್ಷಗಳಲ್ಲಿ ಅವರು ಕೊಡೈಕೆನಾಲ್‌ನಲ್ಲಿ ಹಲವು ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಸೇರಿಸಿ, ಗಿಡ ಮರ ಕೀಟಗಳನ್ನೇ ಪಾಠವಾಗಿಸಿ ಕೆಲಸ ಮಾಡಿದರು. 1946ರಲ್ಲಿ ಯುರೋಪಿಗೆ ಮರಳಿ, ಮತ್ತೆ 1947ರಲ್ಲಿ ಬಂದು 1949ರವರೆಗೆ ಇದ್ದರು. ನೊಬೆಲ್ ಶಾಂತಿ ಪ್ರಶಸ್ತಿಗೆ ಮೂರು ಬಾರಿ ಅವರ ಹೆಸರು ಸೂಚಿತವಾಯಿತು. 1952ರ ಮೇ 6ರಂದು ನೆದರ್ಲೆಂಡ್ಸಿನ ನೂರ್ಡ್‌ವೈಕ್ ಎಂಬ ಕಡಲತೀರದ ಊರಿನಲ್ಲಿ, 81ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸಮಾಧಿ ಅಲ್ಲೇ ಇದೆ.

ಕನ್ನಡ ತರಗತಿಗೆ ತರುವಾಗ

ಮರಿಯಾರ ಮಕ್ಕಳಿಗೆ ಕಲಿಯಬೇಕಾಗಿದ್ದದ್ದು 21 ಅಕ್ಷರ. ನಮ್ಮ ವರ್ಣಮಾಲೆಯಲ್ಲಿ 49, ಮೇಲೆ ಕಾಗುಣಿತ, ಒತ್ತಕ್ಷರ. ಆದ್ದರಿಂದ ಅವರ ವಿಧಾನವನ್ನು ಹಾಗೆಯೇ ಎತ್ತಿ ತಂದರೆ ಸಾಲದು. ನಮಗೊಂದು ಅನುಕೂಲವೂ ಇದೆ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಬೇರೆ, ಧ್ವನಿ ಬೇರೆ. ಕನ್ನಡದಲ್ಲಿ ಗ ಎಂಬ ಅಕ್ಷರದ ಹೆಸರೇ ಅದರ ಧ್ವನಿ.

ವರ್ಣಮಾಲೆಯ ಕ್ರಮ ಧ್ವನಿಶಾಸ್ತ್ರಕ್ಕೆ ಸೊಗಸು, ಆದರೆ ಗುರುತಿಸುವಿಕೆಗೆ ಕಷ್ಟ. ದ ಆದ ಕೂಡಲೇ ಧ ಬರುತ್ತದೆ, ಬ ಆದ ಕೂಡಲೇ ಭ. ಒಂದು ಸಣ್ಣ ಸೀಳಿನ ವ್ಯತ್ಯಾಸವನ್ನು ಮಗು ಮೊದಲ ದಿನವೇ ಕಾಣಬೇಕಾಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ನಂತರ ರಾಜ್ಯಕ್ಕೆಲ್ಲ ಹರಡಿದ ನಲಿಕಲಿಯಲ್ಲಿ ಈ ಕ್ರಮ ಬಿಟ್ಟು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ಶುರು ಮಾಡುವುದನ್ನು ನಾವು ನೋಡುತ್ತೇವೆ. ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಂಬ ಪದಗಳು ಸಿಗುತ್ತವೆ. ಮೊದಲ ವಾರಗಳಲ್ಲೇ ಪದ ಕಟ್ಟುವ ಸಂತೋಷ ಮಗುವಿಗೆ ದೊರೆಯುತ್ತದೆ. ಈ ಭಾಗದಲ್ಲಿ ಮನೆಯಲ್ಲಿ ತೆಲುಗು, ಉರ್ದು ಅಥವಾ ತಮಿಳು ಮಾತಾಡುವ ಮಕ್ಕಳೂ ತರಗತಿಯಲ್ಲಿರುತ್ತಾರೆ. ಅವರಿಗೆ ಅಕ್ಷರಕ್ಕೆ ಮೊದಲು ಪದ ಕಿವಿಗೆ ಪರಿಚಯವಾಗಿರಬೇಕು ಎಂಬುದನ್ನು ಮರೆಯಬಾರದು.

ಮುಂದಿನ ಬೋಧನಾಭ್ಯಾಸದ ಪಾಠಯೋಜನೆಯಲ್ಲಿ ಸೇರಿಸಬಹುದಾದ ನಾಲ್ಕು ಆಟಗಳು ಇವು.

1. ತರಿ ಅಕ್ಷರ. ಹಳೆಯ ರಟ್ಟಿನ ಮೇಲೆ ಅಂಗೈ ಅಗಲದ ಅಕ್ಷರವನ್ನು ಅಂಟಿನಿಂದ ಬರೆದು ಮೇಲೆ ರಂಗೋಲಿ ಪುಡಿ ಅಥವಾ ಜರಡಿ ಹಿಡಿದ ಮರಳು ಉದುರಿಸಿ ಒಣಗಿಸಿ. ಬರೆಯಲು ಶುರು ಮಾಡುವ ಜಾಗದಲ್ಲಿ ಒಂದು ಬಣ್ಣದ ಚುಕ್ಕಿ ಇಡಿ. ಮಗು ಎರಡು ಬೆರಳಿನಿಂದ ತಿದ್ದುತ್ತ ಧ್ವನಿ ಹೇಳಲಿ. ಒಂದು ದಿನಕ್ಕೆ ಎರಡು ಮೂರು ಅಕ್ಷರ ಸಾಕು, ಅವು ಒಂದಕ್ಕೊಂದು ಹೋಲದಂತಿರಲಿ. ಪ ಮತ್ತು ಷ ಒಂದೇ ದಿನ ಬೇಡ. ಎರಡೂ ಬೇರೆಬೇರೆಯಾಗಿ ಗಟ್ಟಿಯಾದ ಮೇಲೆ ಅಕ್ಕಪಕ್ಕ ಇಟ್ಟು ವ್ಯತ್ಯಾಸವನ್ನು ಬೆರಳಿಗೇ ಹುಡುಕಲು ಬಿಡಿ.

2. ತಂದುಕೊಡುವ ಆಟ. ಅಕ್ಷರದ ರಟ್ಟುಗಳನ್ನು ಕೋಣೆಯ ಇನ್ನೊಂದು ತುದಿಯಲ್ಲಿಡಿ. ನೀವು ಧ್ವನಿ ಹೇಳಿ, ಮಗು ಹೋಗಿ ತರಲಿ. ನಡೆದು ಹೋಗುವಷ್ಟು ಹೊತ್ತು ಧ್ವನಿಯನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳುವುದೇ ಇಲ್ಲಿನ ಅಭ್ಯಾಸ. ತಪ್ಪಾದದ್ದು ತಂದರೆ ಆ ಅಕ್ಷರದ ಧ್ವನಿಯನ್ನು ಮಗುವಿನ ಜೊತೆ ಒಮ್ಮೆ ಹೇಳಿ ಪಕ್ಕಕ್ಕಿಡಿ. ಉಳಿದ ಮಕ್ಕಳು ನಗದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ.

3. ಕಣ್ಣುಕಟ್ಟಿನ ಆಟ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಗು ತರಿ ಅಕ್ಷರ ಮುಟ್ಟಿ ಹೇಳಬೇಕು. ಚೆನ್ನಾಗಿ ಪರಿಚಯವಾದ ಅಕ್ಷರಗಳನ್ನೇ ಕೊಡಿ. ಬಟ್ಟೆ ಬೇಡವೆನ್ನುವ ಮಗುವಿಗೆ ಒತ್ತಾಯ ಬೇಡ, ಕಣ್ಣು ಮುಚ್ಚಿಕೊಂಡರೆ ಸಾಕು.

4. ಬಿಡಿ ಅಕ್ಷರ ಮತ್ತು ಚೀಟಿ. ರಟ್ಟಿನ ಬಿಡಿ ಅಕ್ಷರಗಳಲ್ಲಿ ಪದ ಕಟ್ಟಿಸಿ. ಕಾಗುಣಿತಕ್ಕೆ ಬಂದಾಗ ಕೊಂಬನ್ನು ಬೇರೆ ತುಂಡಾಗಿ ಮಾಡಿ ಪಕ್ಕಕ್ಕೆ ಜೋಡಿಸಬಹುದು. ಆದರೆ ಗುಡಿಸು, ಏತ್ವ ಬಂದಾಗ ತಲೆಕಟ್ಟೇ ಬದಲಾಗುವುದರಿಂದ ಆ ಅಕ್ಷರಗಳನ್ನು ಪೂರ್ತಿಯಾಗಿ ಬೇರೆಯೇ ಕತ್ತರಿಸಬೇಕು. ಪದ ಓದಲು ಬಂದ ಮೇಲೆ ತರಗತಿಯ ವಸ್ತುಗಳ ಹೆಸರು ಬರೆದ ಚೀಟಿಗಳನ್ನು ಎತ್ತಿಸಿ, ಓದಿ ಆ ವಸ್ತುವಿನ ಬಳಿ ಇಡಿಸಿ.

ಆಟ ಮುಗಿದ ಮೇಲೆ ಎಷ್ಟು ಮಕ್ಕಳು ಸರಿಯಾಗಿ ಹೇಳಿದರು ಎಂಬುದರ ಜೊತೆಗೆ ಇನ್ನೊಂದನ್ನೂ ವೀಕ್ಷಣಾ ಪುಸ್ತಕದಲ್ಲಿ ಬರೆದುಕೊಳ್ಳಿ: ಹೇಳದೆ ಉಳಿದ ಮಗು ಯಾವುದು, ಅದರ ಬೆರಳು ಯಾವ ಅಕ್ಷರದ ಯಾವ ತಿರುವಿನಲ್ಲಿ ತಡೆಯಿತು. ಮರುದಿನದ ಪಾಠ ಆ ತಿರುವಿನಿಂದ ಶುರುವಾಗಲಿ. ಸಾನ್ ಲೊರೆಂಜೊದಲ್ಲಿ ಮರಿಯಾ ಮಾಂಟೆಸರಿ ದಿನವೂ ಮಾಡುತ್ತಿದ್ದ ಕೆಲಸ ಇಷ್ಟೇ. ಅದಕ್ಕೆ ದುಬಾರಿ ಶುಲ್ಕ ಬೇಕಿಲ್ಲ, ಒಂದು ಹಿಡಿ ಮರಳು ಮತ್ತು ಮಗುವನ್ನು ನೋಡುವ ತಾಳ್ಮೆ ಬೇಕು.